ಶ್ರೀರಂಗಪಟ್ಟಣವನ್ನು ನಡೆದು ನೋಡುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿಗೆ ಹೋಗುವ ದಾರಿಯಲ್ಲಿ ಶ್ರೀರಂಗಪಟ್ಟಣಕ್ಕೆ ಎರಡು ಗಂಟೆ ಕೊಟ್ಟು ಮುಂದೆ ಹೋಗುವವರೇ ಜಾಸ್ತಿ. ದೇವಸ್ಥಾನದ ಮುಂದೆ ಕಾರು ನಿಲ್ಲುತ್ತದೆ, ಬೇಸಿಗೆ ಅರಮನೆ ದರಿಯಾ ದೌಲತ್ ಮುಂದೆ ನಿಲ್ಲುತ್ತದೆ, ಸಂಗಮದಲ್ಲಿ ನಿಲ್ಲುತ್ತದೆ. ಎಲ್ಲವನ್ನೂ ನೋಡಿದ್ದಾಯಿತು. ಆದರೆ ಈ ಊರು ನಾಲ್ಕೂ ಕಡೆ ನೀರು ಸುತ್ತಿದ ನಡುಗಡ್ಡೆ ಎನ್ನುವುದೇ ಗೊತ್ತಾಗಿರುವುದಿಲ್ಲ. ನಡೆದರೆ ಗೊತ್ತಾಗುತ್ತದೆ. ನಾನು ಮೈಸೂರಿನವನು. ಊರಿಗೆ ಬಂದ ನೆಂಟರನ್ನೂ ಗೆಳೆಯರನ್ನೂ ಇಲ್ಲಿ ನಡೆಸಿಕೊಂಡು ಸುತ್ತುವುದು ನನಗೆ ಬಹಳ ವರ್ಷದ ಅಭ್ಯಾಸ. ಪ್ರತಿ ಸಲವೂ ಅವರು ಹೆಚ್ಚುಕಡಿಮೆ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಅದಕ್ಕೇ ಒಂದು ಕಡೆ ಬರೆದಿಟ್ಟೆ.

ಇಡೀ ಊರನ್ನು ನಡೆದೇ ನೋಡಬಹುದಾ?

ನೋಡಬಹುದು, ಆದರೆ ಒಂದೇ ದಿನ ಬೇಡ. ಪಶ್ಚಿಮದ ತುದಿಯಲ್ಲಿ ಕೋಟೆ ಇದೆ. ಪೂರ್ವದ ತುದಿಯಲ್ಲಿ, ಎರಡಾಗಿ ಒಡೆದ ಕಾವೇರಿ ಮತ್ತೆ ಒಂದಾಗುವ ಸಂಗಮ ಇದೆ. ಇವೆರಡರ ನಡುವೆ ಸುಮಾರು ಐದು ಕಿಲೋಮೀಟರ್. ನೆಲ ಸಮತಟ್ಟು, ಏರಿಳಿತ ಇಲ್ಲವೇ ಇಲ್ಲ ಎನ್ನಬೇಕು. ಸುಸ್ತು ಮಾಡುವುದು ದೂರ ಅಲ್ಲ, ಬಿಸಿಲು.

ನಾನು ಹೇಳುವುದು ಇಷ್ಟು: ಒಂದು ಬೆಳಿಗ್ಗೆ ಕೋಟೆಗೆ, ಇನ್ನೊಂದು ಬೆಳಿಗ್ಗೆ ಗಂಜಾಂ ಮತ್ತು ಸಂಗಮಕ್ಕೆ. ಮೂರನೇ ದಿನ ಸಿಕ್ಕರೆ ಹೊಳೆ ದಾಟಿ ಕರಿಘಟ್ಟದ ಬೆಟ್ಟಕ್ಕೆ.

ಎಲ್ಲಿ ಇಳಿಯಬೇಕು? ರೈಲೋ ಬಸ್ಸೋ?

ಕೋಟೆ ನೋಡುವುದಾದರೆ ರೈಲು. ಬೆಂಗಳೂರು–ಮೈಸೂರು ರೈಲು ಹಳಿ ಕೋಟೆಯೊಳಗೇ ಹಾದುಹೋಗುತ್ತದೆ, ನಿಲ್ದಾಣವೂ ಅಲ್ಲೇ. ಇಳಿದು ಹತ್ತು ನಿಮಿಷ ನಡೆದರೆ ರಂಗನಾಥನ ಗೋಪುರ. ಮೈಸೂರಿನಿಂದ ಬರುವವರಿಗೆ ಅರ್ಧ ಗಂಟೆಯ ಪ್ರಯಾಣವೂ ಇಲ್ಲ. ನಿಮ್ಮ ರೈಲು ಇಲ್ಲಿ ನಿಲ್ಲುತ್ತದಾ ಎಂದು ಟಿಕೆಟ್ ತೆಗೆಯುವ ಮುಂಚೆ ನೋಡಿಕೊಳ್ಳಿ.

ಬಸ್ಸಲ್ಲಿ ಬರುವವರು ಒಂದು ವಿಷಯ ನೆನಪಿಡಿ. 2023ರಲ್ಲಿ ಹೊಸ ಹೆದ್ದಾರಿ ಬಂದ ಮೇಲೆ ತಡೆರಹಿತ ಬಸ್ಸುಗಳು ಊರೊಳಗೆ ಬರದೆ ಬೈಪಾಸಿನಲ್ಲೇ ಹೋಗಿಬಿಡಬಹುದು. ಹತ್ತುವಾಗಲೇ ಕಂಡಕ್ಟರನ್ನು ಕೇಳಿ.

ಕೋಟೆಯೊಳಗೆ ಯಾವ ದಾರಿ ಹಿಡಿಯಬೇಕು?

ಮೊದಲು ರಂಗನಾಥಸ್ವಾಮಿ ದೇವಸ್ಥಾನ. ಬೆಳಿಗ್ಗೆ ಬೇಗ ಹೋದರೆ ಅರ್ಚನೆ ಸಾಮಾನು, ಹೂವು ಮಾರುವವರು ಆಗಷ್ಟೇ ಅಂಗಡಿ ತೆರೆಯುತ್ತಿರುತ್ತಾರೆ. ಇದು ಆದಿರಂಗ. ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಮೂರೂ ಕಾವೇರಿಯ ನಡುಗಡ್ಡೆಗಳೇ. ಒಳಗೆ ಹೋಗುವಾಗ ಬಾಗಿಲ ಹತ್ತಿರದ ಕಂಬಗಳ ಮುಂದೆ ಒಂದು ನಿಮಿಷ ನಿಲ್ಲಿ. ವಿಷ್ಣುವಿನ ಇಪ್ಪತ್ನಾಲ್ಕು ರೂಪಗಳನ್ನು ಅವುಗಳ ಮೇಲೆ ಸಣ್ಣಸಣ್ಣದಾಗಿ ಕೆತ್ತಿದ್ದಾರೆ. ದರ್ಶನದ ಅವಸರದಲ್ಲಿ ಎಲ್ಲರೂ ಅದನ್ನು ದಾಟಿಕೊಂಡೇ ಹೋಗುತ್ತಾರೆ. ಹೊರಗೆ ನಿಂತಿರುವ ದೊಡ್ಡ ತೇರನ್ನು ಕೊಟ್ಟವನು ಹೈದರ್ ಅಲಿ ಎಂದು ಹೇಳುತ್ತಾರೆ.

ಅಲ್ಲಿಂದ ನರಸಿಂಹಸ್ವಾಮಿ ದೇವಸ್ಥಾನ ಹತ್ತಿರವೇ. ಕಟ್ಟಿಸಿದವರು ಕಂಠೀರವ ನರಸರಾಜ ಒಡೆಯರು, ಅವರ ಒಂದು ಚೆಂದದ ಶಿಲಾಮೂರ್ತಿ ಒಳಗಿದೆ. ಜನ ಕಡಿಮೆ, ನೆರಳು ಜಾಸ್ತಿ. ಹಾಗೇ ಗಂಗಾಧರೇಶ್ವರನನ್ನೂ ನೋಡಿಕೊಂಡು ಉತ್ತರಕ್ಕೆ, ಅಂದರೆ ಹೊಳೆಯ ಕಡೆಗೆ ನಡೆಯಿರಿ. ಕರ್ನಲ್ ಬೇಲಿ ಬಂದೀಖಾನೆ ಸಿಗುತ್ತದೆ. ಆಮೇಲೆ ಕೋಟೆ ಗೋಡೆಯ ಪಕ್ಕದಲ್ಲೇ, ಹೊಳೆಯನ್ನು ಎಡಕ್ಕೆ ಇಟ್ಟುಕೊಂಡು ಪೂರ್ವಕ್ಕೆ ಸಾಗಿದರೆ ನೀರು ಬಾಗಿಲು. ಅದರ ಹತ್ತಿರದಲ್ಲೇ ಟಿಪ್ಪುವಿನ ದೇಹ ಸಿಕ್ಕ ಜಾಗ, ಒಂದು ಸಣ್ಣ ಕಲ್ಲು ನೆಟ್ಟಿದ್ದಾರೆ. ಕೊನೆಗೆ ಎರಡು ಮೀನಾರುಗಳ ಜಾಮಿಯಾ ಮಸೀದಿ, 1787ರದ್ದು. ಮಸೀದಿ ದಾಟಿದರೆ ಬಸ್ ನಿಲ್ದಾಣ ದೂರವಿಲ್ಲ.

ಒಟ್ಟು ಮೂರು ಕಿಲೋಮೀಟರ್ ಆಗಬಹುದು. ಮೂರು ಗಂಟೆ ಇಟ್ಟುಕೊಳ್ಳಿ.

ಬಂದೀಖಾನೆಯಲ್ಲಿ ನೋಡುವಂಥದ್ದು ಏನಿದೆ? ಬರೀ ಖಾಲಿ ನೆಲಮಾಳಿಗೆ ಅಲ್ವಾ?

ಖಾಲಿಯೇ. ಆದರೆ ಇಡೀ ಊರಿನ ಕಥೆಯ ಎಳೆ ಸಿಗುವುದು ಅಲ್ಲೇ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೆಟ್ಟಿಲಿಳಿದು ಹೋದರೆ ಸುಣ್ಣ ಬಳಿದ ಉದ್ದನೆಯ ಕಮಾನು ಕೋಣೆ. ಗೋಡೆಯಿಂದ ಕಲ್ಲಿನ ಚಪ್ಪಡಿಗಳು ಹೊರಕ್ಕೆ ಚಾಚಿಕೊಂಡಿವೆ, ಅವುಗಳಲ್ಲಿ ತೂತುಗಳಿವೆ. ಕೈದಿಗಳನ್ನು ಸರಪಳಿಯಿಂದ ಬಿಗಿಯುತ್ತಿದ್ದದ್ದು ಅವಕ್ಕೇ ಎನ್ನುತ್ತಾರೆ. ನಡುವೆ ಒಂದು ಫಿರಂಗಿ ಬಿದ್ದಿದೆ. ಯುದ್ಧದಲ್ಲಿ ಮೇಲಿನ ಬತೇರಿಯಿಂದ ಚಾವಣಿ ಒಡೆದುಕೊಂಡು ಕೆಳಗೆ ಬಿದ್ದದ್ದು ಅದು. ಬಿದ್ದಲ್ಲೇ ಇದೆ. ನನ್ನ ಅಕ್ಕನ ಮಗಳು ಮೊದಲ ಸಲ ಬಂದಾಗ ಆ ತೂತಿನೊಳಗೆ ಬೆರಳು ಹಾಕಿ ನೋಡಿ ತಟ್ಟನೆ ಎಳೆದುಕೊಂಡಳು. ಕಲ್ಲು ತಣ್ಣಗಿತ್ತು, ಅಷ್ಟೇ. ಅವಳು ಮಾತ್ರ ಹೊರಗೆ ಬರುವ ತನಕ ಮಾತಾಡಲಿಲ್ಲ.

ಈ ಜಾಗಕ್ಕೆ ಹೆಸರು ಬಂದದ್ದು ಕರ್ನಲ್ ಬೇಲಿಯಿಂದ. 1780ರಲ್ಲಿ ಕಾಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೋಲಿಸಿ ಅವನನ್ನು ಸೆರೆ ಹಿಡಿದರು. 1782ರಲ್ಲಿ ಅವನು ಸೆರೆಯಲ್ಲೇ ಸತ್ತ. ಅದೇ ಯುದ್ಧದಲ್ಲಿ ಸಿಕ್ಕಿಬಿದ್ದು ಈ ಊರಿನಲ್ಲಿ ಮೂರೂವರೆ ವರ್ಷಕ್ಕೂ ಜಾಸ್ತಿ ಬಂದಿಯಾಗಿದ್ದ ಇನ್ನೊಬ್ಬ ಡೇವಿಡ್ ಬೇರ್ಡ್. 1799ರ ಮೇ 4ರಂದು ಕೋಟೆಗೆ ನುಗ್ಗಿದ ಇಂಗ್ಲಿಷ್ ದಂಡಿನ ಮುಂದೆ ನಿಂತವನು ಇದೇ ಬೇರ್ಡ್.

ಬಂದೀಖಾನೆ ನೋಡಿದ ಮೇಲೆ ದರಿಯಾ ದೌಲತ್‌ಗೆ ಹೋಗಿ, ಪಶ್ಚಿಮದ ಗೋಡೆಯ ಮುಂದೆ ನಿಲ್ಲಿ. ಪೊಲ್ಲಿಲೂರಿನ ಯುದ್ಧವನ್ನು ಗೋಡೆ ತುಂಬ ಬರೆದಿದ್ದಾರೆ. ಸುತ್ತಲೂ ಕುದುರೆ, ಕತ್ತಿ, ಉರುಳುವ ತಲೆಗಳು. ನಡುವೆ ಸಿಪಾಯಿಗಳು ಚೌಕಾಕಾರವಾಗಿ ಕಾವಲು ನಿಂತಿದ್ದಾರೆ, ಮದ್ದಿನ ಗಾಡಿಯೊಂದು ಸಿಡಿಯುತ್ತಿದೆ. ಆ ಚೌಕದೊಳಗೆ ಪಲ್ಲಕ್ಕಿಯಲ್ಲಿ ಗಾಯಗೊಂಡು ಕೂತವನೇ ಬೇಲಿ. ನೆಲಮಾಳಿಗೆಯಿಂದ ಒಂದೂವರೆ ಎರಡು ಕಿಲೋಮೀಟರ್ ನಡೆದು ಬಂದು ಅವನ ಮುಖ ನೋಡುವುದಕ್ಕೂ, ಸುಮ್ನೆ ಕಾರಿಂದಿಳಿದು ಗೋಡೆ ಚಿತ್ರ ನೋಡುವುದಕ್ಕೂ ವ್ಯತ್ಯಾಸ ಇದೆ. ನನ್ನ ಜೊತೆ ಬಂದವರಿಗೆಲ್ಲ ಈ ಎರಡನ್ನೂ ಒಂದೇ ದಿನ ತೋರಿಸುತ್ತೇನೆ.

ನೀರು ಬಾಗಿಲಿಗೆ ಯಾಕೆ ಅಷ್ಟು ಮಹತ್ವ?

ಗೋಡೆ, ಹೊಳೆ ಎರಡೂ ಒಟ್ಟಿಗೆ ಕಾಣುವುದು ಅಲ್ಲಿ. ಕೋಟೆಯನ್ನು ಕಾಯುತ್ತಿದ್ದದ್ದು ಕಲ್ಲಿನ ಗೋಡೆ ಮಾತ್ರ ಅಲ್ಲ. ಸಾಲುಸಾಲು ಗೋಡೆ, ನಡುವೆ ಕಂದಕ, ಎಲ್ಲದರ ಹೊರಗೆ ಕಾವೇರಿ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಯಾವ ಸೈನ್ಯವೂ ದಾಟುವ ಹಾಗಿರಲಿಲ್ಲ. ಮುಂಗಾರು ಬರುವ ತನಕ ತಡೆದು ನಿಂತರೆ ಸಾಕು, ಮುತ್ತಿಗೆ ಹಾಕಿದವರು ತಾವಾಗಿಯೇ ಹೊರಡಬೇಕಿತ್ತು. ಇಂಗ್ಲಿಷರಿಗೂ ಇದು ಗೊತ್ತಿತ್ತು. ಅದಕ್ಕೇ ಮೇ ಮೊದಲ ವಾರದಲ್ಲಿ, ಮಧ್ಯಾಹ್ನ ಒಂದು ಗಂಟೆಯ ಉರಿಬಿಸಿಲಲ್ಲಿ, ನೀರು ತೀರಾ ಇಳಿದಿದ್ದಾಗ ಪಶ್ಚಿಮದ ಕಡೆಯಿಂದ ಹೊಳೆಗಿಳಿದರು. ಕೆಲವೇ ನಿಮಿಷದಲ್ಲಿ ಗೋಡೆಯ ಬಿರುಕು ಮುಟ್ಟಿದರು.

ಬೇಸಿಗೆಯಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ ಬಂದು ನೋಡಿ. ಮೇ ತಿಂಗಳಲ್ಲಿ ಬಂಡೆಗಳ ನಡುವೆ ಹುಡುಗರು ದನ ತೊಳೆಯುತ್ತಿರುವ ಜಾಗದಲ್ಲಿ ಆಗಸ್ಟಿನಲ್ಲಿ ಬಂಡೆಯೇ ಕಾಣುವುದಿಲ್ಲ, ಕೆಂಪು ನೀರು ಭೋರ್ಗರೆಯುತ್ತಿರುತ್ತದೆ. ಯಾಕೆ ಮೇ 4, ಯಾಕೆ ಜೂನ್ ಅಲ್ಲ ಎಂಬುದನ್ನು ಆಮೇಲೆ ಯಾರೂ ನಿಮಗೆ ವಿವರಿಸಬೇಕಾಗಿಲ್ಲ.

ಅವರು ನುಗ್ಗಿದ ಜಾಗ ಕೋಟೆಯ ಪಶ್ಚಿಮದ ಮೂಲೆ. 1907ರಲ್ಲಿ ಮೈಸೂರು ಸರ್ಕಾರ ಅಲ್ಲೊಂದು ಎತ್ತರದ ಸ್ಮಾರಕ ಸ್ತಂಭ ನಿಲ್ಲಿಸಿತು. ನಿಲ್ದಾಣದಲ್ಲಿ ಇಳಿದವರು ನಡಿಗೆಯನ್ನು ಅಲ್ಲಿಂದಲೇ ಶುರು ಮಾಡಬಹುದು, ಹೊಳೆ ಪೂರ್ತಿ ಕಾಣುತ್ತದೆ.

ಟಿಪ್ಪುವಿನ ಮದ್ದಿನ ಮನೆಯನ್ನು ಎತ್ತಿ ಬೇರೆ ಕಡೆ ಇಟ್ಟಿದ್ದಾರಂತೆ, ನಿಜವಾ?

ನಿಜ. ಜೋಡಿ ಹಳಿ ಹಾಕಲು ಅದು ಅಡ್ಡ ಬರುತ್ತಿತ್ತು. 2017ರಲ್ಲಿ ಕಟ್ಟಡವನ್ನು ಕೆಡವದೆ, ಬುಡಸಮೇತ ಎತ್ತಿ, ಇಡಿಯಾಗಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ರೈಲು ನಿಲ್ದಾಣದ ಹತ್ತಿರವೇ ಇದೆ. ಹೊರಗಿನಿಂದ ಗಿಡ್ಡ, ದಪ್ಪ ಗೋಡೆಯ ಸಾದಾ ಕಟ್ಟಡ. ಸುಲಭವಾಗಿ ಒಡೆದು ಹಾಕಬಹುದಿತ್ತು, ಹಾಕಲಿಲ್ಲ. ನನಗೆ ಅದೇ ದೊಡ್ಡ ವಿಷಯ.

ಕೋಟೆಯೊಳಗಿನ ಅರಮನೆ ಎಲ್ಲಿದೆ?

ಇಲ್ಲ. ಕೋಟೆಯೊಳಗಿನ ಲಾಲ್ ಮಹಲಿನ ಜಾಗದಲ್ಲಿ ಬುನಾದಿ ಅಷ್ಟೇ ಉಳಿದಿದೆ. ಊಟಿಗೆ ಹೋದಾಗ ಸೇಂಟ್ ಸ್ಟೀಫನ್ಸ್ ಚರ್ಚಿನೊಳಗೆ ತಲೆಯೆತ್ತಿ ನೋಡಿ. ಅಲ್ಲಿನ ದೊಡ್ಡ ಮರದ ತೊಲೆಗಳು ಇಲ್ಲಿನ ಟಿಪ್ಪು ಅರಮನೆಯಿಂದ ಹೋದವು.

ಗಂಜಾಂ ಕಡೆಯ ನಡಿಗೆ ಹೇಗಿರುತ್ತದೆ?

ಕೋಟೆಗಿಂತ ನನಗೆ ಇದೇ ಹೆಚ್ಚು ಇಷ್ಟ, ಮುಚ್ಚಿಡುವುದಿಲ್ಲ. ಬಸ್ ನಿಲ್ದಾಣದಿಂದ ಪೂರ್ವಕ್ಕೆ ಹೊರಟರೆ ಮೊದಲು ದರಿಯಾ ದೌಲತ್. 1784ರ ಬೇಸಿಗೆ ಅರಮನೆ, ಹೆಚ್ಚುಭಾಗ ತೇಗದ ಮರದ್ದು. ಟಿಕೆಟ್ ಇದೆ. ಒಳಗೆ ಒಂದು ಗಂಟೆಯಾದರೂ ಬೇಕು. ಹೊರಗೆ ಬಂದು ಆಟೋ ಹಿಡಿಯಬೇಡಿ, ಗಂಜಾಂ ಊರೊಳಗೆ ನಡೆಯಿರಿ. ಸಿರಾ ಕಡೆಯಿಂದ ಕುಟುಂಬಗಳನ್ನು ಕರೆತಂದು ಟಿಪ್ಪು ಬೆಳೆಸಿದ ಪೇಟೆ ಇದು. ಒಂದು ಕಾಲಕ್ಕೆ ಗಂಜಾಂ ಅಂಜೂರ ಎಂದರೆ ಸುತ್ತಲೆಲ್ಲ ಹೆಸರು. ಈಗ ಗಲ್ಲಿಗಳಲ್ಲಿ ಹಳೆಯ ನಾಡಹೆಂಚಿನ ಮನೆ, ಪಕ್ಕದಲ್ಲೇ ಹೊಸ ಆರ್‌ಸಿಸಿ ಮನೆ, ಮುಂದೆ ಕಟ್ಟಿದ ಎಮ್ಮೆ. 1799ರ ನಂತರ ಇಲ್ಲಿಗೆ ಬಂದು, ಸಿಡುಬಿಗೆ ಲಸಿಕೆ ಹಾಕಿಸಲು ಓಡಾಡಿದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಹೆಸರಿನ ಚರ್ಚೂ ಇಲ್ಲೇ ಇದೆ.

ಆಮೇಲೆ ದಾರಿ ಎರಡಾಗುತ್ತದೆ. ಹೊಳೆಯ ಕಡೆ ಹೋದರೆ ನಿಮಿಷಾಂಬ ದೇವಸ್ಥಾನ. ನೇರ ಹೋದರೆ ಗುಂಬಜ್, ಮುಂದೆ ಸಂಗಮ. ಹೈದರ್, ಅವನ ಹೆಂಡತಿ ಫಾತಿಮಾ, ಟಿಪ್ಪು ಮೂವರ ಗೋರಿಯೂ ಗುಂಬಜಿನೊಳಗೆ. ಸುತ್ತ ಇರುವ ಕಪ್ಪು ಕಂಬಗಳನ್ನು ಅಂಗೈಯಿಂದ ಮುಟ್ಟಿ ನೋಡಿ, ಗಾಜಿನಷ್ಟು ನುಣುಪು. ಬೇಸಿಗೆಯಲ್ಲೂ ತಂಪು. ಬಾಗಿಲುಗಳ ದಂತದ ಕುಸುರಿ ಗವರ್ನರ್ ಜನರಲ್ ಡಾಲ್‌ಹೌಸಿ ಕೊಡಿಸಿದ್ದು. ಗುಂಬಜಿನಿಂದ ಸಂಗಮದ ತನಕ ಅಲ್ಲಲ್ಲಿ ಕಬ್ಬಿನ ಗದ್ದೆ, ತೆಂಗಿನ ತೋಟ. ಈ ನಡುಗಡ್ಡೆಗೆ ನೀರುಣಿಸುವ ಬಂಗಾರದೊಡ್ಡಿ ನಾಲೆ ಕಂಠೀರವ ನರಸರಾಜ ಒಡೆಯರ ಕಾಲದ್ದು ಎನ್ನುತ್ತಾರೆ. ಸುತ್ತಲೂ ಹೊಳೆ ಇದ್ದರೂ ಗದ್ದೆಗೆ ನೀರು ಬರಬೇಕಾದರೆ ನಾಲೆಯೇ ಬೇಕು.

ಹೋಗುವ ದಾರಿ ಐದು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ಹಿಂದಕ್ಕೆ ಬರುವಾಗ ಆಟೋ ಮಾಡಿಕೊಳ್ಳಿ, ಸಂಗಮದಲ್ಲಿ ಸಿಗುತ್ತದೆ. ದರ ಹತ್ತುವ ಮುಂಚೆಯೇ ಮಾತಾಡಿ.

ಸಂಗಮದಲ್ಲಿ ನೀರಿಗಿಳಿಯಬಹುದಾ?

ಮೆಟ್ಟಿಲ ಮೇಲೆ ಕೂತು ಕಾಲು ಅದ್ದಿ, ಸಾಕು. ಎರಡು ಕವಲು ಕೂಡುವ ಕಡೆ ಮೇಲೆ ಶಾಂತವಾಗಿ ಕಂಡರೂ ಕೆಳಗೆ ಸೆಳೆತ ಇರುತ್ತದೆ. ಬಂಡೆಗಳು ಪಾಚಿ ಕಟ್ಟಿ ಜಾರುತ್ತವೆ. ಈಜು ಬಂದವರೂ ಇಲ್ಲಿ ಜೀವ ಕಳೆದುಕೊಂಡಿದ್ದಾರೆ. ಕಾವೇರಿಯಲ್ಲಿ ಮೊಸಳೆಗಳೂ ಇವೆ. ಮಕ್ಕಳ ಕೈ ಬಿಡಬೇಡಿ. ಹರಿಗೋಲಿನವರು ಕರೆದರೆ ಜೀವರಕ್ಷಕ ಜಾಕೆಟ್ ಇದ್ದರೆ ಮಾತ್ರ ಹತ್ತಿ.

ಮಳೆಗಾಲದಲ್ಲಿ ಬರಬಹುದಾ?

ಬನ್ನಿ, ಊರು ಆಗಲೇ ಅತಿ ಚೆನ್ನ. ಆದರೆ ಕನ್ನಂಬಾಡಿ ಕಟ್ಟೆಯ ಸುದ್ದಿ ನೋಡಿಕೊಂಡು ಹೊರಡಿ. ಕಟ್ಟೆಯ ಮಟ್ಟ 124.80 ಅಡಿಯ ಹತ್ತಿರ ಬಂದು ಒಳಹರಿವು ಜೋರಾಗಿದ್ದರೆ ನೀರು ಬಿಡುತ್ತಾರೆ. ಬಿಟ್ಟ ನೀರು ಇಲ್ಲಿಗೆ ಬರಲು ಹೆಚ್ಚು ಹೊತ್ತು ಬೇಡ. ಸ್ನಾನಘಟ್ಟ, ಸಂಗಮ, ನಿಮಿಷಾಂಬದ ಮೆಟ್ಟಿಲುಗಳು ಮುಳುಗುತ್ತವೆ. ಪೊಲೀಸರು ಹಗ್ಗ ಕಟ್ಟಿದ್ದರೆ ಅದನ್ನು ದಾಟಬೇಡಿ, ಫೋಟೋಗಾಗಿಯಂತೂ ಬೇಡವೇ ಬೇಡ.

ಹೊಳೆ ದಾಟಿ ನಡೆಯುವ ದಾರಿ ಇದೆಯಾ?

ಇದೆ. ಉತ್ತರದ ಕವಲಿಗೆ ಅಡ್ಡಲಾಗಿ ವೆಲ್ಲೆಸ್ಲಿ ಸೇತುವೆ ಇದೆ. ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ 1804ರಲ್ಲಿ ಮುಗಿದದ್ದು. ಕಂಬವೂ ಕಲ್ಲು, ತೊಲೆಯೂ ಕಲ್ಲು, ಹಾಸೂ ಕಲ್ಲು. ಎರಡು ಶತಮಾನದ ಪ್ರವಾಹಗಳನ್ನು ತಡೆದುಕೊಂಡು ನಿಂತಿದೆ. ನೀರು ಕಡಿಮೆ ಇರುವಾಗ ದಡದಿಂದ ನೋಡಿದರೆ ಕಾಡಿನ ಮರಗಳ ಹಾಗೆ ಕಂಬಗಳ ಸಾಲು. ಹೊಳೆ ತುಂಬಿದಾಗ ಓಡಾಟ ಮುಚ್ಚುತ್ತಾರೆ.

ಅಲ್ಲಿಂದಾಚೆ ಕರಿಘಟ್ಟದ ದಾರಿ. ಲೋಕಪಾವನಿ ನದಿ ಕಾವೇರಿಯನ್ನು ಸೇರುವುದು ಈ ಬೆಟ್ಟದ ಬುಡದ ಹತ್ತಿರ. ಮೇಲೆ ವೈಕುಂಠ ಶ್ರೀನಿವಾಸನ ಗುಡಿ. ಮೆಟ್ಟಿಲೂ ಇದೆ, ರಸ್ತೆಯೂ ಇದೆ. ಕೆಳಗೆ ಇಷ್ಟು ದಿನ ತುಂಡುತುಂಡಾಗಿ ನೋಡಿದ ನಡುಗಡ್ಡೆ ಇಲ್ಲಿಂದ ಒಂದೇ ನೋಟಕ್ಕೆ ಕಾಣುತ್ತದೆ. ಗೋಪುರ ಯಾವುದು, ಮೀನಾರು ಯಾವುದು ಎಂದು ಬೆರಳು ಮಾಡಿ ತೋರಿಸುತ್ತಾ ಕೂರಬಹುದು. ದೂರದಲ್ಲಿ ಚಾಮುಂಡಿ ಬೆಟ್ಟವೂ ಇದೆ. ಮಂಗಗಳಿವೆ, ಕೈಯಲ್ಲಿ ಬಾಳೆಹಣ್ಣು ಹಿಡಿದುಕೊಂಡು ಹತ್ತಬೇಡಿ.

ಪಶ್ಚಿಮವಾಹಿನಿ ನೋಡಬಹುದಾ?

ಹೋಗಬಹುದು, ಆದರೆ ಅದು ನೋಡುವ ಜಾಗ ಅಲ್ಲ. ಪೂರ್ವಕ್ಕೆ ಹರಿಯುವ ಕಾವೇರಿ ಇಲ್ಲಿ ಸ್ವಲ್ಪ ದೂರ ಪಶ್ಚಿಮಕ್ಕೆ ತಿರುಗುತ್ತಾಳೆ, ಅದರಿಂದ ಆ ಹೆಸರು. ನಾಡಿನ ಎಲ್ಲ ಕಡೆಯಿಂದ ಜನ ಅಸ್ಥಿ ಬಿಡಲು ಬರುತ್ತಾರೆ. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನೂ ಇಲ್ಲಿ ಬಿಟ್ಟರು. ಹೋದರೆ ಮೆಲ್ಲಗೆ ಮಾತಾಡಿ, ಕ್ಯಾಮೆರಾ ಒಳಗಿಡಿ. ನಮ್ಮ ತಂದೆಯವರ ಕೆಲಸಕ್ಕೆ ಬಂದ ದಿನ ಯಾರೋ ಪ್ರವಾಸಿಗರು ನಮ್ಮ ಕಡೆ ಮೊಬೈಲ್ ಹಿಡಿದಿದ್ದರು. ಆ ನೋವು ಇನ್ನೂ ಹೋಗಿಲ್ಲ.

ರಂಗನತಿಟ್ಟಿಗೆ ನಡೆದು ಹೋಗಬಹುದಾ?

ನಾಲ್ಕು ಕಿಲೋಮೀಟರ್ ಆಸುಪಾಸು. ಬೆಳಕು ಹರಿಯುವ ಹೊತ್ತಿಗೆ ಹೊರಟರೆ ಸರಿ, ಆಮೇಲೆ ಆಟೋ ಒಳ್ಳೆಯದು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು. ಚಳಿಗಾಲದಿಂದ ಬೇಸಿಗೆಯವರೆಗೆ ಗೂಡು, ಮರಿಗಳನ್ನು ನೋಡಬಹುದು.

ವಯಸ್ಸಾದವರನ್ನು ಕರೆತರಬಹುದಾ?

ದರಿಯಾ ದೌಲತ್, ಗುಂಬಜ್ ಎರಡೂ ಅವರಿಗೆ ಸಲೀಸು. ತೋಟ ಇದೆ, ಕೂರಲು ಜಾಗ ಇದೆ. ಬಂದೀಖಾನೆಯ ಮೆಟ್ಟಿಲು, ನೀರು ಬಾಗಿಲಿನ ಕಲ್ಲುಹಾಸು ಮಂಡಿನೋವು ಇರುವವರಿಗೆ ಕಷ್ಟ. ನಮ್ಮಮ್ಮನನ್ನು ರಂಗನಾಥನ ಗುಡಿಯ ಜಗಲಿಯಲ್ಲಿ ಕೂರಿಸಿ ನಾವು ಸುತ್ತಿ ಬರುತ್ತೇವೆ. ಬರುವಷ್ಟರಲ್ಲಿ ಅವರಿಗೆ ಅಲ್ಲಿನ ಹೂವಿನವರ ಮನೆಕಥೆಯೆಲ್ಲ ಗೊತ್ತಾಗಿರುತ್ತದೆ.

ಏನು ತರಬೇಕು, ಏನು ತಿನ್ನಬೇಕು?

ನೀರು, ಟೋಪಿ, ಸುಲಭವಾಗಿ ಬಿಚ್ಚಬಹುದಾದ ಚಪ್ಪಲಿ. ದೇವಸ್ಥಾನ, ಮಸೀದಿ, ಗುಂಬಜ್ ಎಲ್ಲ ಕಡೆ ಬರಿಗಾಲು. ಹನ್ನೊಂದರ ಮೇಲೆ ಕಲ್ಲುಹಾಸು ಕಾದು ಅಂಗಾಲು ಸುಡುತ್ತದೆ, ಅದಕ್ಕೆ ಒಂದು ಜೊತೆ ಸಾಕ್ಸ್ ಚೀಲದಲ್ಲಿರಲಿ. ದೇವಸ್ಥಾನ ಮಧ್ಯಾಹ್ನ ಬಾಗಿಲು ಹಾಕುತ್ತದೆ. ತಿನ್ನಲು ಪೇಟೆಯಲ್ಲಿ ಇಡ್ಲಿ, ದೋಸೆ ಸಿಗುತ್ತದೆ. ರಸ್ತೆಬದಿಯಲ್ಲಿ ಕಬ್ಬಿನ ಹಾಲು ಕುಡಿಯದೆ ಹೋಗಬೇಡಿ. ಇದು ಮಂಡ್ಯ ಜಿಲ್ಲೆ.

ಯಾವ ಹಬ್ಬಕ್ಕೆ ಬಂದರೆ ಚೆನ್ನ?

ಸಂಕ್ರಾಂತಿಯ ಸಂಜೆ ರಂಗನಾಥನಿಗೆ ಲಕ್ಷದೀಪೋತ್ಸವ. ರಥಸಪ್ತಮಿಗೆ ತೇರು. ರಾಜ ಒಡೆಯರು 1610ರಲ್ಲಿ ದಸರಾ ಶುರು ಮಾಡಿದ್ದು ಈ ಊರಿನಲ್ಲಿ. ಇಂದಿಗೂ ಕಿರಂಗೂರಿನ ಬನ್ನಿಮಂಟಪದಿಂದ ಜಂಬೂಸವಾರಿ ಹೊರಡುತ್ತದೆ, ಮೈಸೂರಿನಷ್ಟು ನೂಕುನುಗ್ಗಲು ಇಲ್ಲ. ಹಬ್ಬದ ದಿನ ಕೋಟೆ ಸುತ್ತುವ ಯೋಜನೆ ಮಾತ್ರ ಇಟ್ಟುಕೊಳ್ಳಬೇಡಿ. ಆವತ್ತು ಹಬ್ಬ ನೋಡಿ.

ನನ್ನ ಹತ್ತಿರ ಒಂದೇ ಗಂಟೆ ಇದೆ. ಎಲ್ಲಿಗೆ ಹೋಗಲಿ?

ನೀರು ಬಾಗಿಲಿಗೆ. ಕಮಾನಿನ ಕತ್ತಲೆ ದಾಟಿ ಆ ಕಡೆ ಹೋದರೆ ಥಟ್ಟನೆ ಹೊಳೆ. ಬಟ್ಟೆ ಒಗೆಯುವವರು ಇರುತ್ತಾರೆ, ಬಂಡೆಯ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿರುತ್ತವೆ. ಮೆಟ್ಟಿಲ ಮೇಲೆ ಕೂತುಕೊಳ್ಳಿ. ಹಿಂದೆ ತಿರುಗಿ ಗೋಡೆ ನೋಡಿ, ಮುಂದೆ ನೀರು ನೋಡಿ. ಹತ್ತು ನಿಮಿಷ ಉಳಿದರೆ ಹಾಗೇ ಮಸೀದಿಯ ತನಕ ನಡೆದು ಬಸ್ ಹಿಡಿಯಿರಿ.